ಸೂಳೆಕೆರೆ ಸುತ್ತ ಸೈಕಲ್: ಮಕ್ಕಳಿಗೆ ಸ್ಕೂಟರ್ ಕೀ ಕೊಡುವ ಮೊದಲು ಈ ದಾರಿ ತೋರಿಸಿ

ಸೈಕಲ್ ನಮ್ಮ ಸಮುದಾಯಕ್ಕೆ ಹೊಸತೇನಲ್ಲ. ಐವತ್ತು ದಾಟಿದ ಯಾರನ್ನೇ ಕೇಳಿ, ಮೀನಿನ ಬ್ಯಾರಿಯ ಸೈಕಲ್ ನೆನಪು ಮಾಡುತ್ತಾರೆ. ಕ್ಯಾರಿಯರ್‌ಗೆ ಮೀನಿನ ಬುಟ್ಟಿ ಕಟ್ಟಿ, ಪೋಂ ಪೋಂ ಅಂತ ಹಾರ್ನ್ ಒತ್ತುತ್ತಾ, ಘಟ್ಟದ ಬುಡದ ಹಳ್ಳಿಗಳವರೆಗೂ ಅವರು ತುಳಿದುಕೊಂಡು ಹೋಗುತ್ತಿದ್ದರು. ಗೇರ್ ಇರಲಿಲ್ಲ, ಡಾಮರು ರಸ್ತೆಯೂ ಎಲ್ಲ ಕಡೆ ಇರಲಿಲ್ಲ. ಏರಿನಲ್ಲಿ ಇಳಿದು ನೂಕಿ, ಇಳಿಜಾರಿನಲ್ಲಿ ಕೂತು, ಹೀಗೆ ದುಡಿದೇ ಎಷ್ಟೋ ಮನೆಗಳ ಮಕ್ಕಳು ಓದಿದ್ದಾರೆ.

ಅದೇ ಮನೆಗಳಲ್ಲಿ ಇವತ್ತು ಏನಾಗಿದೆ? ಹತ್ತನೇ ಕ್ಲಾಸಿನ ಹುಡುಗ ಸ್ಕೂಟರ್ ಕೇಳುತ್ತಾನೆ, ನಾವು ಕೊಡುತ್ತೇವೆ. 'ಅಂಗಡಿಗೆ ಹೋಗಿ ಬರ್ಲಿಕ್ಕೆ ಮಾತ್ರ' ಅಂತ ಉಮ್ಮ ಹೇಳುತ್ತಾರೆ. ಅಂಗಡಿಗೆ ಅಂತ ಹೊರಟ ಗಾಡಿ ಹೈವೇ ಮುಟ್ಟಲಿಕ್ಕೆ ಎಷ್ಟು ಹೊತ್ತು ಬೇಕು? 2019ರ ಮೋಟಾರು ವಾಹನ ತಿದ್ದುಪಡಿ ಕಾನೂನಿನ ಪ್ರಕಾರ, ಪ್ರಾಯಕ್ಕೆ ಬಾರದ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಉಂಟು. ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಇಲ್ಲ. ದಂಡವನ್ನು ಸಾಲ ಮಾಡಿಯಾದರೂ ಕಟ್ಟಬಹುದು. ಮಗುವಿಗೆ ಏನಾದರೂ ಆದರೆ ಏನು ಮಾಡುವುದು?

'ಕೊಡಬೇಡಿ' ಅಂತ ಹೇಳುವುದು ಸುಲಭ. ಬದಲಿಗೆ ಏನು ಕೊಡಬೇಕು ಅನ್ನುವುದನ್ನೂ ಹೇಳಬೇಕಲ್ಲ? ಆ ವಯಸ್ಸಿಗೆ ವೇಗ ಬೇಕು, ದೂರ ಹೋಗಬೇಕು, ಗೆಳೆಯರ ಜೊತೆ ಏನಾದರೂ ಸಾಧಿಸಿದೆ ಅನ್ನಿಸಬೇಕು. ಇದಕ್ಕೆಲ್ಲ ಸೈಕಲ್ ಸಾಕು, ದಾರಿ ಮಾತ್ರ ಒಳ್ಳೆಯದಿರಬೇಕು. ಕರಾವಳಿಯ ಹೆದ್ದಾರಿ 66 ಹೊಸಬರಿಗೆ ಹೇಳಿದ್ದಲ್ಲ. ಆಗುಂಬೆಯ 14 ತಿರುವುಗಳನ್ನು ತುಳಿಯುವುದೂ ಆರಂಭದಲ್ಲೇ ಬೇಡ. ಘಾಟಿ ಹತ್ತಿ ಆಚೆ ಹೋದರೆ, ಮಲೆನಾಡು ಮುಗಿದು ಬಯಲು ಸೀಮೆ ಶುರುವಾಗುವಲ್ಲಿ, ಸಣ್ಣ ಗುಡ್ಡಗಳ ಬುಡದಲ್ಲೇ ಸಾಗುವ ರಸ್ತೆಗಳಿವೆ. ಅಂಥದ್ದೊಂದು ಜಾಗ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲೂಕಿನ ಸೂಳೆಕೆರೆ.

ಅಡಿಕೆ ವ್ಯಾಪಾರ ಇರುವ ನಮ್ಮವರಿಗೆ ಚನ್ನಗಿರಿ ಗೊತ್ತಿರುವ ಹೆಸರೇ. ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಸೈಕಲ್‌ಗಳನ್ನು ಒಂದು ಪಿಕಪ್‌ಗೆ ಹಾಕಿ, ಹಿಂದಿನ ರಾತ್ರಿಯೇ ಚನ್ನಗಿರಿ ಸೇರಿಕೊಂಡರೆ ಒಳ್ಳೆಯದು. ಬೆಳಿಗ್ಗೆ ಸುಬ್ಹಿ ನಮಾಜು ಮುಗಿಸಿ, ಬೆಳಕು ಸರಿಯಾಗಿ ಹರಿದ ಮೇಲೆ ಹೊರಡಬೇಕು. ಚನ್ನಗಿರಿಯಿಂದ ನಲ್ಲೂರು ಮಾರ್ಗವಾಗಿ ಸೂಳೆಕೆರೆ, ಅಲ್ಲಿಂದ ಸಂತೇಬೆನ್ನೂರು, ಮತ್ತೆ ಚನ್ನಗಿರಿ. ಹೀಗೆ ತ್ರಿಕೋನದ ಹಾಗೆ ಸುತ್ತಿ ಬಂದರೆ ಒಟ್ಟು 50 ಕಿ.ಮೀ. ಆಸುಪಾಸು. ಗಂಟೆಗೆ 12 ಕಿ.ಮೀ.ಯಂತೆ ತುಳಿದರೂ, ಅಲ್ಲಲ್ಲಿ ಕೂತು ಎದ್ದರೂ, ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಊರು ದಾಟಿದ ಮೇಲೆ ಎರಡೂ ಕಡೆ ಅಡಿಕೆ ತೋಟ. ಆಮೇಲೆ ತೋಟ ಸರಿದು ಗದ್ದೆ ಬರುತ್ತದೆ, ಗದ್ದೆಯ ಆಚೆ ಗುಡ್ಡ. ಕೆರೆ ಕಣ್ಣಿಗೆ ಬಿದ್ದಾಗ ಮಕ್ಕಳು ಇದು ಸಮುದ್ರವಾ ಅಂತ ಕೇಳುವುದು ಖಂಡಿತ. ನೀರು ತುಂಬಿದರೆ ಅದು ಹರಡುವುದು ಸುಮಾರು 6,550 ಎಕರೆಯಲ್ಲಿ. ಇಷ್ಟು ನೀರನ್ನು ತಡೆದಿರುವ ಏರಿ ಮಾತ್ರ ತುಂಬಾ ಚಿಕ್ಕದು, ಸಾವಿರ ಅಡಿಯೂ ಉದ್ದವಿಲ್ಲ. ಕಾರಣ, ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯನ್ನು ಹುಡುಕಿ ಅಲ್ಲಿಗೇ ಏರಿ ಹಾಕಿದ್ದಾರೆ. ಹರಿದ್ರಾ ಎಂಬ ಹಳ್ಳ ಆ ಸಂದಿಯಲ್ಲೇ ಹೊರಗೆ ಹೋಗುತ್ತಿತ್ತು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಬ್ರಿಟಿಷ್ ಇಂಜಿನಿಯರ್ ಸ್ಯಾಂಕಿ ಕೂಡ ಈ ಜಾಗದ ಆಯ್ಕೆಯನ್ನು ಮೆಚ್ಚಿದ್ದರು.

ಕೆರೆ ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು, ದೊರೆಯ ಮಗಳು ಶಾಂತವ್ವ ಅಂತ ಐತಿಹ್ಯ. ಸುಮಾರು ಒಂಬತ್ತು ನೂರು ವರ್ಷ ಹಿಂದಿನ ಮಾತು. ಹೆಸರಿನ ಬಗ್ಗೆ ಊರವರು ಬೇರೆ ಬೇರೆ ಕಥೆ ಹೇಳುತ್ತಾರೆ. ಅವಳ ನೆನಪಿಗೆ ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಸಿದ್ದನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ಇದರ ನೀರು ಗದ್ದೆಗೆ ಹೋಗುತ್ತದೆ. ದೂರದ ಚಿತ್ರದುರ್ಗಕ್ಕೂ ಕುಡಿಯುವ ನೀರು ಇಲ್ಲಿಂದಲೇ. ಬಸ್ಸಿನಲ್ಲಿ ಕೂತು ಹೋದವನಿಗೆ ಇದೆಲ್ಲ ಕಿಟಕಿಯಾಚೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸೈಕಲ್‌ನವನಿಗೆ ಕೆರೆ ಯಾವುದು, ತೂಬು ಯಾವುದು, ನಾಲೆ ಎಲ್ಲಿಗೆ ಹೋಗ್ತದೆ ಅಂತ ನಿಂತು ನೋಡ್ಲಿಕ್ಕೆ ಆಗುತ್ತದೆ.

ಸಂತೇಬೆನ್ನೂರಿನಲ್ಲಿ ಅರ್ಧ ಗಂಟೆಯಾದರೂ ನಿಲ್ಲಬೇಕು. ಅಲ್ಲಿಯ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುವೆ ನೀರಿನಲ್ಲಿ ಮಂಟಪ. ಪಕ್ಕದಲ್ಲೇ ಮುಸಾಫಿರ್‌ಖಾನಾ, ಅಂದರೆ ದಾರಿಹೋಕರ ತಂಗುಮನೆ. ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನ್ ಕಟ್ಟಿಸಿದ್ದು ಅಂತ ಹೇಳುತ್ತಾರೆ. 1638ರಲ್ಲಿ ಬೆಂಗಳೂರನ್ನು ಗೆದ್ದ ದಂಡಿನಲ್ಲಿ ಈ ರಣದುಲ್ಲಾ ಖಾನ್ ಜೊತೆ ಇದ್ದವರು ಶಿವಾಜಿಯ ತಂದೆ ಷಹಾಜಿ. ಇಬ್ಬರೂ ಒಬ್ಬನೇ ಸುಲ್ತಾನನ ಸೇವೆಯಲ್ಲಿದ್ದವರು. ಷಹಾಜಿ 1664ರಲ್ಲಿ ತೀರಿಹೋದದ್ದು ಇದೇ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ, ಅವರ ಸಮಾಧಿಯೂ ಅಲ್ಲೇ ಉಂಟು. ಮರುದಿನವೂ ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಅದನ್ನೂ ನೋಡಿ ಬರಬಹುದು. ಹೆಸರುಗಳನ್ನು ಎದುರುಬದುರು ನಿಲ್ಲಿಸಿ ಮಾತ್ರ ಚರಿತ್ರೆ ಕೇಳಿದ ಮಕ್ಕಳಿಗೆ ಇಂಥ ಜಾಗ ತೋರಿಸಿದರೆ, ಹೆಚ್ಚು ಭಾಷಣ ಬೇಕಾಗುವುದಿಲ್ಲ.

ಇನ್ನು ಎಚ್ಚರಿಕೆಯ ಮಾತು. ಈ ಕಡೆ ಕೊಯ್ಲಿನ ಸಮಯದಲ್ಲಿ ಮೆಕ್ಕೆಜೋಳ, ಭತ್ತವನ್ನು ರಸ್ತೆಯ ಮೇಲೇ ಒಣಗಿಸಲು ಹರಡಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಸೈಕಲ್ ಜಾರುವುದು ಗ್ಯಾರಂಟಿ. ಇಳಿದು ನಡೆಯಿರಿ, ರೈತರ ಬೆಳೆಯ ಮೇಲೆ ಚಕ್ರ ಹಾಯಿಸಬೇಡಿ. ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ರಾಶಿ ರಸ್ತೆ ಬದಿಯಲ್ಲಿರುತ್ತದೆ. ಕೆಲವು ಕಡೆ ಅದಕ್ಕೆ ಬೆಂಕಿ ಹಾಕಿ ಹೊಗೆ ತುಂಬಿರುತ್ತದೆ, ಎದುರಿನ ಲಾರಿ ಕಾಣುವುದಿಲ್ಲ. ಕೆರೆಗೆ, ನಾಲೆಗೆ ಯಾರೂ ಇಳಿಯಬಾರದು, ಈಜು ಬರುವವರೂ ಸಹ. ನಾಲೆಯ ಸೆಳೆತ ಮೇಲಿನಿಂದ ಗೊತ್ತಾಗುವುದಿಲ್ಲ.

ಹೋಗಲಿಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಗೇರ್ ಸೈಕಲ್ ಇದ್ದರೆ ಸುಲಭ, ಇಲ್ಲದಿದ್ದರೂ ನಡೆಯುತ್ತದೆ. ಸೀಟು ಸರಿಯಾದ ಎತ್ತರಕ್ಕೆ ಇರಲಿ, ಪೆಡಲ್ ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೇರ ಆಗಬೇಕು. ಹೆಲ್ಮೆಟ್, ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಪಂಕ್ಚರ್ ಸಾಮಾನು, ಕೈಪಂಪು, ಎರಡು ಬಾಟ್ಲಿ ನೀರು, ಸ್ವಲ್ಪ ಖರ್ಜೂರ, ಬಾಳೆಹಣ್ಣು ಇರಲಿ. ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಮುಂದೆ ಒಬ್ಬರು ಹಿಂದೆ ಒಬ್ಬರು ದೊಡ್ಡವರು. ಹೊರಡುವ ಮೊದಲು ಒಂದು ತಿಂಗಳು ಊರಿನಲ್ಲೇ ವಾರಕ್ಕೆ ಮೂರು ದಿನ ಹತ್ತು-ಹದಿನೈದು ಕಿ.ಮೀ. ತುಳಿದು ಅಭ್ಯಾಸ ಮಾಡಿಸಿ.

ಹೆಣ್ಣುಮಕ್ಕಳನ್ನು ಬಿಟ್ಟು ಹೋಗುವುದು ಬೇಡ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಎಷ್ಟೋ ಹುಡುಗಿಯರು ಹೈಸ್ಕೂಲಿಗೆ ಸೈಕಲ್‌ನಲ್ಲೇ ಹೋದರು. ಹತ್ತನೇ ಕ್ಲಾಸು ಮುಗಿದ ಕೂಡಲೇ ಆ ಸೈಕಲ್ ಹಿತ್ತಿಲಿನ ಮಾಡಿನ ಕೆಳಗೆ ಹೋಗಿ ನಿಂತಿತು. ಅಣ್ಣ, ಬಾಪ, ಮಾವ ಜೊತೆಗಿದ್ದರೆ ತಂಗಿಯೂ 50 ಕಿ.ಮೀ. ತುಳಿಯಬಲ್ಲಳು. ಉಮ್ಮನಿಗೆ ತುಳಿಯಲಿಕ್ಕೆ ಆಗದಿದ್ದರೆ ಹಿಂದಿನಿಂದ ಬರುವ ಪಿಕಪ್‌ನಲ್ಲಿ ತಿಂಡಿಯ ಜೊತೆ ಬರಲಿ.

ಬರುವ ರಜೆಗೆ ಮಗ ಸ್ಕೂಟರ್ ಕೇಳಿದರೆ ಬರೀ 'ಇಲ್ಲ' ಅಂದು ಸುಮ್ಮನಾಗಬೇಡಿ. ಹಿತ್ತಿಲಿನ ಸೈಕಲ್ ತೆಗೆಸಿ, ಚೈನಿಗೆ ಎಣ್ಣೆ ಹಾಕಿಸಿ, ಬ್ರೇಕ್ ರಬ್ಬರ್ ಬದಲಾಯಿಸಿ. ದಿನಾಂಕವನ್ನು ಅವನೇ ಗೊತ್ತು ಮಾಡಲಿ.