‘ಶರ್ಕರಾಮದ್ಯಸಾರ’ವೆಂಬ ಹೆಸರು

‘ಷುಗರ್ ಆಲ್ಕೊಹಾಲ್’ ಎಂಬುದನ್ನು ‘ಶರ್ಕರಾಮದ್ಯಸಾರ’ವೆಂದು ಕನ್ನಡಿಸಿದರೆ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಕಬ್ಬಿನ ಸೀಮೆಯವರಿಗೆ ಕಾಕಂಬಿಯನ್ನು ಹುದುಗಿಸಿ ಭಟ್ಟಿಯಿಳಿಸಿದ ದ್ರವವೇ ನೆನಪಾಗುವುದು. ಈ ವಸ್ತುವಾದರೋ ಸಾಮಾನ್ಯವಾಗಿ ಹುದುಗಿನಿಂದ ಹುಟ್ಟಿದುದಲ್ಲ, ಅಮಲನ್ನೂ ತಾರದು.

ಕಬ್ಬಿನ ಸಕ್ಕರೆಯು ದ್ರಾಕ್ಷಾಶರ್ಕರೆ, ಫಲಶರ್ಕರೆಗಳ ಬೆಸುಗೆ. ಜಲಜನಕವನ್ನು ಗ್ರಹಿಸತಕ್ಕ ಅಂಶಗಳು ಆ ಬೆಸುಗೆಯಲ್ಲಿಯೇ ಸಿಕ್ಕಿಕೊಂಡಿರುವುದರಿಂದ ಅದನ್ನು ಮೊದಲು ಆಮ್ಲದಿಂದ ಒಡೆಯಬೇಕು. ಬಳಿಕ ನಿಕ್ಕಲ್ ಪುಡಿಯನ್ನು ಬೆರಸಿ, ಕಾಯಿಸಿ, ಅಧಿಕ ಒತ್ತಡದಲ್ಲಿ ಜಲಜನಕವನ್ನು ಹಾಯಿಸುವರು. ನಿಕ್ಕಲ್ ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುವುದು. ಮರೇ ರೇನಿಯು 1927ರಲ್ಲಿ ಪೇಟೆಂಟು ಪಡೆದ ರಂಧ್ರಮಯ ನಿಕ್ಕಲ್ ಇದಕ್ಕೆ ಪ್ರಸಿದ್ಧವಾದುದು. ದ್ರಾಕ್ಷಾಶರ್ಕರೆಯಿಂದ ಸಾರ್ಬಿಟಾಲ್ ದೊರೆಯುವುದು. ಫಲಶರ್ಕರೆಯಿಂದ ಸಾರ್ಬಿಟಾಲ್, ಮ್ಯಾನಿಟಾಲ್ ಎರಡೂ.

ಇಲ್ಲಿ ಆಲ್ಕೊಹಾಲೆಂಬುದು ಅಣುರಚನೆಯನ್ನು ಸೂಚಿಸುವ ಸಂಜ್ಞೆಯೇ ಹೊರತು ಮದ್ಯವಾಚಕವಲ್ಲ. ಆದಕಾರಣ ‘ಶರ್ಕರಾ ಆಲ್ಕೊಹಾಲ್’ ಎಂದೇ ಉಳಿಸಿಕೊಳ್ಳುವುದು ಲೇಸು. ಅರಿಸಮಾಸವೆಂಬ ಆಕ್ಷೇಪವನ್ನು ಸಹಿಸಬಹುದು.