ಮುಂಜಾನೆಯ ಮಂದ ಹಸಿವೆ ಮತ್ತು ಬೆಳಗಿನ ಉಪಾಹಾರ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ದಿನಚರಿಯನ್ನು ರೈಲು, ಬಸ್ಸು, ಕಾರ್ಖಾನೆಯ ಪಾಳಿ ಮತ್ತು ಶಾಲೆಯ ಗಂಟೆಗಳೇ ನಿರ್ಧರಿಸುತ್ತವೆ. ಡೊಂಬಿವಲಿ, ವಿರಾರ್‌ಗಳಂಥ ಉಪನಗರಗಳಿಂದ ದಕ್ಷಿಣ ಮುಂಬಯಿಯ ಕಚೇರಿಗಳಿಗೆ ಹೋಗುವವರು ಏಳು ಏಳೂವರೆಗೆಲ್ಲ ಮನೆ ಬಿಡುತ್ತಾರೆ. ಪುಣೆಯ ಪಿಂಪ್ರಿ, ಚಿಂಚವಾಡಗಳ ಕಾರ್ಖಾನೆಗಳಲ್ಲಿ ಮೊದಲ ಪಾಳಿಗೆ ಹಾಜರಾಗಬೇಕಾದವರದು ಇನ್ನೂ ಬೇಗ. ಇವರ ಮನೆಗಳಲ್ಲೆಲ್ಲ ಬೆಳಗಿನ ಹೊತ್ತು ಕೇಳಿಬರುವ ಮಾತು ಒಂದೇ: “ಈಗ ಏನೂ ಬೇಡ, ಹಸಿವೆಯೇ ಇಲ್ಲ.” ಒಂದು ಲೋಟ ಚಹಾ, ಅದರೊಡನೆ ಎರಡು ಬಿಸ್ಕತ್ತು, ಅಲ್ಲಿಗೆ ಉಪಾಹಾರ ಮುಗಿಯಿತು. ಹತ್ತೂವರೆಗೆ ಹೊಟ್ಟೆ ಚುರುಗುಟ್ಟಿದಾಗ ಕೈಗೆ ಸಿಕ್ಕುವುದು ನಿಲ್ದಾಣದ ವಡಾಪಾವ್ ಅಥವಾ ಕ್ಯಾಂಟೀನಿನ ಸಮೋಸ.

ಈ ಹಸಿವೆಯಿಲ್ಲದಿರುವಿಕೆಯನ್ನು ಹಲವರು ತಮ್ಮ ಹುಟ್ಟುಗುಣವೆಂದು ಭಾವಿಸುತ್ತಾರೆ. ಮತ್ತೆ ಕೆಲವರು ಜಠರದ ದೌರ್ಬಲ್ಯವೆಂದು ತಿಳಿದು ಪಾಚಕ ಔಷಧಿಗಳ ಮೊರೆಹೋಗುತ್ತಾರೆ. ಆರೋಗ್ಯವಂತರಲ್ಲಿ ಬಹುಮಟ್ಟಿಗೆ ಇವೆರಡೂ ಕಾರಣಗಳಲ್ಲ. ಬೆಳಗಿನ ಹಸಿವೆ ಹಿಂದಿನ ಸಂಜೆಯ ನಡವಳಿಕೆಯಿಂದಲೂ ನಿತ್ಯದ ಅಭ್ಯಾಸದಿಂದಲೂ ರೂಪುಗೊಳ್ಳುತ್ತದೆ. ಆದುದರಿಂದ ಅದನ್ನು ಮರಳಿ ಬರಮಾಡಿಕೊಳ್ಳುವುದೂ ಸಾಧ್ಯ.

ಹಸಿವೆ ಏಕೆ ಬಾರದು?

ಮಾನವದೇಹದಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಲಯವನ್ನನುಸರಿಸುವ ಒಂದು ಆಂತರಿಕ ಗಡಿಯಾರವಿದೆ. ಅದರ ಕಾರ್ಯವಿಧಾನವನ್ನು ಬಯಲುಮಾಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಷ್ ಮತ್ತು ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈ ಗಡಿಯಾರದ ಪ್ರಕಾರ ಹಸಿವೆ ಮುಂಜಾನೆ ಸಹಜವಾಗಿಯೇ ಮಂದವಾಗಿದ್ದು, ಸಂಜೆಯ ವೇಳೆಗೆ ಪ್ರಬಲವಾಗುತ್ತದೆ. ರಾತ್ರಿಯ ದೀರ್ಘ ಉಪವಾಸದ ನಂತರವೂ ಎದ್ದೊಡನೆ ಹಸಿವೆನಿಸದಿರಲು ಇದು ಒಂದು ಕಾರಣ. ನಿದ್ರೆಯ ಕಾಲದಲ್ಲಿ ಯಕೃತ್ತು ತನ್ನಲ್ಲಿ ಶೇಖರವಾಗಿರುವ ಗ್ಲೈಕೊಜೆನ್ನನ್ನು ಸ್ವಲ್ಪಸ್ವಲ್ಪವಾಗಿ ಸಕ್ಕರೆಯಾಗಿಸಿ ರಕ್ತಕ್ಕೆ ಒದಗಿಸುತ್ತಿರುತ್ತದೆ. ಹೀಗಾಗಿ ಏಳುವ ಹೊತ್ತಿಗೆ ದೇಹ ಕೊರತೆಯ ಕೂಗನ್ನು ಇನ್ನೂ ಎಬ್ಬಿಸಿರುವುದಿಲ್ಲ.

ಎರಡನೆಯ ಕಾರಣ ಅಭ್ಯಾಸ. ಜಠರದಿಂದ ಸ್ರವಿಸಿ ಹಸಿವೆಯ ಸಂದೇಶವನ್ನು ಮಿದುಳಿಗೆ ಮುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ವ್ಯಕ್ತಿಯು ನಿತ್ಯವೂ ಉಣ್ಣುವ ವೇಳೆಗೆ ಮುಂಚಿತವಾಗಿ ಇದರ ಪ್ರಮಾಣ ಏರುತ್ತದೆ. ವರ್ಷಗಟ್ಟಲೆ ಬೆಳಗ್ಗೆ ಏನನ್ನೂ ತಿನ್ನದವರ ದೇಹ ಆ ವೇಳೆಯಲ್ಲಿ ಆಹಾರವನ್ನು ನಿರೀಕ್ಷಿಸುವುದನ್ನೇ ಬಿಟ್ಟಿರುತ್ತದೆ. ಪ್ರತಿದಿನ ಅದೇ ಹೊತ್ತಿಗೆ ಸ್ವಲ್ಪವಾದರೂ ತಿನ್ನತೊಡಗಿದರೆ ಕೆಲವು ವಾರಗಳಲ್ಲಿ ದೇಹ ಆ ವೇಳೆಗೆ ಹೊಂದಿಕೊಳ್ಳತೊಡಗುತ್ತದೆ.

ಹಿಂದಿನ ರಾತ್ರಿಯ ಪಾತ್ರ

ಸಂಜೆ ಏಳೂವರೆಗೆ ರೈಲಿಳಿದು ಮನೆ ಸೇರಿದವರು ಊಟಕ್ಕೆ ಕೂಡುವಾಗ ಒಂಬತ್ತೂವರೆ, ಹತ್ತು ಗಂಟೆಯಾಗಿರುತ್ತದೆ. ಹಗಲಿಡೀ ಅರೆಹೊಟ್ಟೆಯಲ್ಲಿದ್ದುದಕ್ಕೆ ಪ್ರತಿಯಾಗಿ ಆ ಊಟ ದಿನದ ಅತಿ ದೊಡ್ಡ ಊಟವಾಗುತ್ತದೆ. ನೀರಿನಂಥ ಪದಾರ್ಥಗಳು ಜಠರವನ್ನು ಬೇಗ ಬಿಟ್ಟುಹೋಗುತ್ತವೆ. ಎಣ್ಣೆ, ತುಪ್ಪ, ಕರಿದ ತಿಂಡಿಗಳು ಸೇರಿದ ಘನಾಹಾರ ಹಲವು ಗಂಟೆಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಉಂಡೊಡನೆ ಮಲಗಿದರೆ ಹುಳಿತೇಗು, ಎದೆಯುರಿ, ತುಂಡುತುಂಡಾದ ನಿದ್ರೆ ಉಂಟಾಗುತ್ತವೆ. ಇಂಥ ರಾತ್ರಿಯನ್ನು ಕಳೆದವರಿಗೆ ಬೆಳಗ್ಗೆ ಆರಕ್ಕೆ ಇಡ್ಲಿಯ ತಟ್ಟೆ ಕಂಡರೆ ಹಿಗ್ಗು ಹೇಗೆ ಬರಬೇಕು?

ಇದೊಂದು ಚಕ್ರ. ಬೆಳಗ್ಗೆ ತಿನ್ನದವರು ರಾತ್ರಿ ಹೆಚ್ಚು ತಿನ್ನುತ್ತಾರೆ, ರಾತ್ರಿ ಹೆಚ್ಚು ತಿಂದವರಿಗೆ ಬೆಳಗ್ಗೆ ಬೇಡವೆನಿಸುತ್ತದೆ. ಇದನ್ನು ಮುರಿಯಲು ಅನುಕೂಲವಾದ ಸ್ಥಳ ಸಂಜೆ. ಕಚೇರಿ ಬಿಡುವ ವೇಳೆಗೆ, ಆರು ಗಂಟೆಯ ಸುಮಾರಿಗೆ, ಒಂದು ಹಿಡಿ ಹುರಿಗಡಲೆ ಅಥವಾ ಒಂದೆರಡು ಬಾಳೆಯಹಣ್ಣು ತಿಂದುಕೊಂಡವರು ಮನೆ ತಲುಪಿದಾಗ ಹಸಿವಿನಿಂದ ಕಂಗೆಟ್ಟಿರುವುದಿಲ್ಲ. ರಾತ್ರಿಗೆ ಎರಡು ಚಪಾತಿ ಅಥವಾ ಒಂದು ಜೋಳದ ರೊಟ್ಟಿ, ಪಲ್ಯ, ಸ್ವಲ್ಪ ಮಜ್ಜಿಗೆಯನ್ನ ಸಾಕಾಗುತ್ತದೆ. ಊಟಕ್ಕೂ ನಿದ್ರೆಗೂ ಎರಡು ಗಂಟೆಗಳ ಅಂತರವಾದರೂ ಇರುವುದು ಲೇಸು.

ಬರಿಹೊಟ್ಟೆಯ ಚಹಾ

ಮುಂಜಾನೆಯ ಚಹಾ ಅಥವಾ ಕಾಫಿಯನ್ನು ತ್ಯಜಿಸಬೇಕೆಂದರೆ ಯಾವ ಕನ್ನಡಿಗನೂ ಒಪ್ಪಲಾರ. ತ್ಯಜಿಸಬೇಕಾದ ಅಗತ್ಯವೂ ಇಲ್ಲ. ಅದು ಆಹಾರದ ಸ್ಥಾನವನ್ನು ಆಕ್ರಮಿಸಬಾರದು, ಅಷ್ಟೆ. ಎರಡೆರಡು ಚಮಚ ಸಕ್ಕರೆ ಬೆರೆತ ಮೂರು ಲೋಟ ಚಹಾ ಕುಡಿದರೆ ಸುಮಾರು 30 ಗ್ರಾಂ ಸಕ್ಕರೆ ಒಡಲು ಸೇರುತ್ತದೆ. ಹಸಿವೆ ತಾತ್ಕಾಲಿಕವಾಗಿ ಅಡಗುತ್ತದೆ, ಪೋಷಣೆ ಮಾತ್ರ ದೊರೆಯುವುದಿಲ್ಲ.

ಇನ್ನೊಂದು ಅಂಶವೂ ಗಮನಾರ್ಹ. ಚಹಾ, ಕಾಫಿಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. 1918ರಲ್ಲಿ ಕೂನೂರಿನಲ್ಲಿ ಚಿಕ್ಕ ಸಂಶೋಧನಾ ಘಟಕವಾಗಿ ಆರಂಭವಾಗಿ, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಆಹಾರ ಸೂತ್ರಗಳನ್ನು ಪ್ರಕಟಿಸಿತು. ಊಟ, ಉಪಾಹಾರಗಳಿಗೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿಗಳನ್ನು ವರ್ಜಿಸುವುದು ಹಿತವೆಂದು ಅದರಲ್ಲಿ ಸೂಚಿಸಲಾಗಿದೆ. ಎದ್ದೊಡನೆ ಒಂದು ಲೋಟ ನೀರು, ಬಳಿಕ ಉಪಾಹಾರ, ಕಚೇರಿ ತಲುಪಿದ ಮೇಲೆ ಚಹಾ ಎಂಬ ಕ್ರಮ ರೂಢಿಗೆ ಬಂದರೆ ಹಸಿವೆಗೂ ರಕ್ತಕ್ಕೂ ಒಳಿತು.

ಹೊಟ್ಟೆ ತುಂಬುವುದೆಂದರೇನು?

ಹೊಟ್ಟೆ ಬಿರಿಯುವಂತೆ ತಿನ್ನುವುದು ಬೇರೆ, ತೃಪ್ತಿ ಬಹುಕಾಲ ನಿಲ್ಲುವುದು ಬೇರೆ. ತೃಪ್ತಿಗೆ ಮುಖ್ಯವಾಗಿ ಮೂರು ಅಂಗಗಳು: ಸಸಾರಜನಕ ಎಂದರೆ ಪ್ರೋಟೀನು, ನಾರಿನ ಅಂಶ ಮತ್ತು ನೀರು. ಮೈದಾದ ಬ್ರೆಡ್ಡು, ಬಿಸ್ಕತ್ತುಗಳಲ್ಲಿ ಈ ಮೂರೂ ಅಲ್ಪ. ಅವು ಬೇಗ ಜೀರ್ಣವಾಗಿ, ಬೇಗ ಮತ್ತೆ ಹಸಿವೆಯನ್ನು ತರುತ್ತವೆ. ಬೇಳೆ, ಕಾಳು, ಮೊಸರು, ಶೇಂಗಾ, ಮೊಟ್ಟೆಗಳು ಸೇರಿದ ಉಪಾಹಾರ ಪ್ರಮಾಣದಲ್ಲಿ ಸ್ವಲ್ಪವಾದರೂ ಮಧ್ಯಾಹ್ನದವರೆಗೆ ಆಧಾರವಾಗಬಲ್ಲದು.

ಈ ದೃಷ್ಟಿಯಿಂದ ನಮ್ಮ ಪರಿಚಿತ ತಿಂಡಿಗಳನ್ನು ಪರಿಶೀಲಿಸುವುದು ಉಪಯುಕ್ತ. ಇಡ್ಲಿ ಹಬೆಯಲ್ಲಿ ಬೆಂದ, ಹುದುಗು ಬಂದ, ಸುಲಭವಾಗಿ ಜೀರ್ಣವಾಗುವ ತಿಂಡಿ. ಅದರಲ್ಲಿ ಅಕ್ಕಿಯ ಪಾಲೇ ಹೆಚ್ಚಾದುದರಿಂದ ಬೇಳೆ ತುಂಬಿದ ಗಟ್ಟಿ ಸಾಂಬಾರು ಜೊತೆಗಿದ್ದರೇ ಅದು ಪೂರ್ಣ. ಉಪ್ಪಿಟ್ಟಿಗೆ ಹಸಿ ಬಟಾಣಿ, ಶೇಂಗಾ, ತರಕಾರಿಗಳು ಸೇರಿದಾಗ ಬೆಲೆ ಬರುತ್ತದೆ. ರಾಗಿಯಲ್ಲಿ ಸುಣ್ಣಾಂಶ ಹೇರಳ. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಆದರೆ ರಾಗಿಯ ಸಸಾರಜನಕ 100 ಗ್ರಾಂಗೆ 7 ಗ್ರಾಂನಷ್ಟೇ. ಆದುದರಿಂದ ಹಾಲು, ಮಜ್ಜಿಗೆ, ಶೇಂಗಾಗಳ ನೆರವು ಅದಕ್ಕೆ ಬೇಕು.

ಎರಡು ಕಂತಿನ ಉಪಾಹಾರ

ಹಸಿವೆಯಿಲ್ಲದವರ ಮುಂದೆ ತುಂಬಿದ ತಟ್ಟೆಯನ್ನಿಟ್ಟು ಒತ್ತಾಯಿಸುವುದರಿಂದ ಫಲವಿಲ್ಲ. ಉಪಾಹಾರವನ್ನು ಎರಡು ಕಂತುಗಳಾಗಿ ವಿಭಾಗಿಸುವುದು ಸುಲಭವಾದ ಉಪಾಯ. ಮನೆ ಬಿಡುವ ಮುನ್ನ ಕುಡಿಯಬಹುದಾದ ಅಥವಾ ಮೆತ್ತಗಿನ ಸ್ವಲ್ಪ ಆಹಾರ. ಒಂಬತ್ತೂವರೆ ಹತ್ತರ ವೇಳೆಗೆ, ನಿಜವಾದ ಹಸಿವೆ ತೋರಿದಾಗ, ಡಬ್ಬಿಯಲ್ಲಿ ಒಯ್ದ ಘನಾಹಾರ. ಹೀಗೆ ಮಾಡಿದರೆ ನಿಲ್ದಾಣದ ಕರಿದ ತಿಂಡಿಯ ಅವಶ್ಯಕತೆಯೇ ಬೀಳುವುದಿಲ್ಲ.

ಮೊದಲ ಕಂತಿಗೆ ರಾಗಿ ಅಂಬಲಿ ಉತ್ತಮ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯೇ ಬೇಯಿಸಿ, ಆರಿದ ಮೇಲೆ ಮುಚ್ಚಿಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಸಿದ್ಧ. ಚೆನ್ನೈಯಲ್ಲಿರುವವರಿಗೆ ಅಲ್ಲಿನ ಬೀದಿಗಳಲ್ಲಿ ಬೇಸಗೆಯಲ್ಲಿ ಮಾರುವ ಕೂಳು ಇದರ ಬಂಧುವೆಂಬುದು ತಿಳಿದೇ ಇದೆ. ದೆಹಲಿಯಲ್ಲಿರುವವರು ಅಲ್ಲಿನ ಅಂಗಡಿಗಳಲ್ಲಿ ದೊರೆಯುವ ಸತ್ತು, ಅಂದರೆ ಹುರಿಗಡಲೆಯ ಹಿಟ್ಟನ್ನು, ಮಜ್ಜಿಗೆಯಲ್ಲಿ ಕದಡಿ ಜೀರಿಗೆ, ಉಪ್ಪು ಹಾಕಿ ಕುಡಿಯಬಹುದು; ಒಲೆ ಹಚ್ಚುವ ಕೆಲಸವೂ ಇಲ್ಲ. 30 ಗ್ರಾಂ ಸತ್ತುವಿನಿಂದ 6 ಗ್ರಾಂಗೂ ಮಿಕ್ಕಿ ಸಸಾರಜನಕ ಲಭಿಸುತ್ತದೆ. ಹಳೆಯ ಮೈಸೂರಿನವರಿಗೆ ರಾಗಿಯ ಹುರಿಹಿಟ್ಟು, ಹಾಲು ಚಿರಪರಿಚಿತ. ಉತ್ತರದ ಚಳಿಗಾಲದಲ್ಲಿ ಇವನ್ನೇ ಬಿಸಿಯಾಗಿ ಸೇವಿಸಬಹುದು.

ಎರಡನೆಯ ಕಂತಿಗೆ ಮೊಸರವಲಕ್ಕಿ ಅತಿ ಸರಳ. 40 ಗ್ರಾಂ ಅವಲಕ್ಕಿ, ಒಂದು ಬಟ್ಟಲು ಮೊಸರು, ಒಂದು ಹಿಡಿ ಹುರಿದ ಶೇಂಗಾ ಸೇರಿದರೆ ಸುಮಾರು 14 ಗ್ರಾಂ ಸಸಾರಜನಕವಾಗುತ್ತದೆ. ಬೇಸಗೆಯಲ್ಲಿ ಮೊಸರು ಹುಳಿಯುವ ಭಯವಿದ್ದರೆ ಒಗ್ಗರಣೆಯ ಅವಲಕ್ಕಿಗೆ ನಿಂಬೆರಸ ಹಿಂಡಿ ಒಯ್ಯಬಹುದು. ನಿಂಬೆಯ ಸಿ ಜೀವಸತ್ವವು ಕಬ್ಬಿಣಾಂಶವನ್ನು ದೇಹಗತ ಮಾಡಿಕೊಳ್ಳಲು ಸಹಾಯಕ. ಹೈದರಾಬಾದಿನವರಿಗೆ ಪೆಸರಟ್ಟು ಮನೆಮಾತು. ರಾತ್ರಿ ನೆನೆಸಿದ 50 ಗ್ರಾಂ ಹೆಸರುಕಾಳನ್ನು ಬೆಳಗ್ಗೆ ರುಬ್ಬಿ ಎರೆದರೆ ಸುಮಾರು 12 ಗ್ರಾಂ ಸಸಾರಜನಕ ದೊರೆಯುತ್ತದೆ. ಹುದುಗು ಬರಲು ಕಾಯಬೇಕಾಗಿಲ್ಲ. ಮಹಾರಾಷ್ಟ್ರದ ಥಾಲಿಪೀಠ, ಉತ್ತರ ಕರ್ನಾಟಕದ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಕೂಡ ಡಬ್ಬಿಗೆ ತಕ್ಕವು. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಒಂದು ಮೊಟ್ಟೆಯಿಂದ 6 ಗ್ರಾಂ ಸಸಾರಜನಕ ಲಭ್ಯ.

ಮನೆಯೊಡತಿಯ ಪಾಲು

ಐದಕ್ಕೆದ್ದು ನಾಲ್ಕು ಡಬ್ಬಿಗಳನ್ನು ತುಂಬಿ ಕಳುಹಿಸುವ ಗೃಹಿಣಿ ಸ್ವತಃ ಉಪಾಹಾರ ಮಾಡುವುದು ಹತ್ತೂವರೆ, ಹನ್ನೊಂದಕ್ಕೆ; ಅದೂ ಉಳಿದುದನ್ನು. ಒಗ್ಗರಣೆಯ ಘಾಟಿನಲ್ಲಿಯೇ ನಿಂತವರಿಗೆ ತಿನ್ನುವ ಬಯಕೆ ಅಡಗುವುದುಂಟು. ಎರಡು ಮೂರು ಸಲ ಕುಡಿದ ಚಹಾ ಉಳಿದುದನ್ನೂ ಅಡಗಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ರಕ್ತಹೀನತೆಯೇ ಹಸಿವೆಯನ್ನು ಕುಗ್ಗಿಸುತ್ತದೆ, ಕುಗ್ಗಿದ ಹಸಿವೆ ರಕ್ತಹೀನತೆಯನ್ನು ಹೆಚ್ಚಿಸುತ್ತದೆ. ಬೇಗ ಸುಸ್ತಾಗುವ, ಮೆಟ್ಟಿಲೇರಿದರೆ ಏದುಸಿರು ಬರುವ, ಬೆಳಗ್ಗೆ ಏನೂ ಬೇಡವೆನ್ನುವ ತಾಯಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಮನೆಯವರ ಕರ್ತವ್ಯ. ಡಬ್ಬಿಗಳನ್ನು ತುಂಬುವಾಗಲೇ ಐದನೆಯದೊಂದು ಪಾಲನ್ನು ಆಕೆಗಾಗಿ ತೆಗೆದಿಡುವ ರೂಢಿ ಪ್ರತಿ ಮನೆಯಲ್ಲಿಯೂ ಬರಬೇಕು.

ಎಚ್ಚರ ವಹಿಸಬೇಕಾದ ಸಂದರ್ಭಗಳು

ಆರೋಗ್ಯವಂತ ವಯಸ್ಕರು ಒಂದು ದಿನ ಉಪಾಹಾರ ಬಿಟ್ಟರೆ ಅನಾಹುತವೇನೂ ಆಗದು. ಉಪಾಹಾರ ಬಿಟ್ಟ ಮಾತ್ರಕ್ಕೆ ಎಲ್ಲರ ತೂಕವೂ ಏರುತ್ತದೆ ಎಂಬ ಮಾತಿಗೂ ದೃಢವಾದ ಆಧಾರವಿಲ್ಲ. ಆದರೆ ಮಧುಮೇಹಿಗಳ ವಿಷಯ ಬೇರೆ. ಇನ್ಸುಲಿನ್ ಚುಚ್ಚಿಕೊಂಡು, ಇಲ್ಲವೆ ಸಕ್ಕರೆಯನ್ನು ತೀವ್ರವಾಗಿ ಇಳಿಸುವ ಮಾತ್ರೆಗಳನ್ನು ನುಂಗಿ, ಏನನ್ನೂ ತಿನ್ನದೆ ರೈಲು ಹತ್ತುವುದು ಪ್ರಾಣಾಪಾಯಕ್ಕೆ ಎಡೆಮಾಡೀತು. ಬೆವರು, ನಡುಕ, ಕಣ್ಣು ಕತ್ತಲಿಡುವುದು ರಕ್ತದ ಸಕ್ಕರೆ ಕುಸಿದುದರ ಲಕ್ಷಣಗಳು. ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಸೇವಿಸಬೇಕು. ಬೆಳಗ್ಗೆ ತಿನ್ನಲಾಗದಿದ್ದರೆ ಔಷಧದ ವೇಳೆಯನ್ನು ವೈದ್ಯರೊಡನೆ ಚರ್ಚಿಸಿ ಬದಲಾಯಿಸಿಕೊಳ್ಳಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ರಾಗಿ ಮಧುಮೇಹಕ್ಕೆ ನಿರಪಾಯವೆಂಬ ನಂಬಿಕೆಯೂ ಅರ್ಧಸತ್ಯ. ನುಣ್ಣನೆಯ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಅಂಥವರಿಗೆ ಹೆಸರುಕಾಳಿನ ದೋಸೆ ಮೇಲು. ಥೈರಾಯ್ಡ್ ಮಾತ್ರೆ ಸೇವಿಸುವವರು ಅದನ್ನು ನೀರಿನೊಡನೆ ನುಂಗಿ ಅರ್ಧದಿಂದ ಒಂದು ಗಂಟೆ ಕಳೆದ ಮೇಲೆ ಉಪಾಹಾರ ಮಾಡಬೇಕು. ಮೂತ್ರಪಿಂಡದ ಕಾಯಿಲೆಯಿರುವವರು ಸಸಾರಜನಕದ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯತಕ್ಕದ್ದು.

ರಾತ್ರಿಯೂಟವನ್ನು ಹಗುರಗೊಳಿಸಿ, ನಿಯತ ವೇಳೆಗೆ ಸ್ವಲ್ಪಸ್ವಲ್ಪ ತಿನ್ನತೊಡಗಿ ಮೂರು ವಾರಗಳಾದರೂ ಹಸಿವೆ ಮರಳದಿದ್ದರೆ ವೈದ್ಯರನ್ನು ಕಾಣುವುದು ಯುಕ್ತ. ತೂಕ ಇಳಿಯುವುದು, ಸಂಜೆಯ ಜ್ವರ, ಬಿಡದ ಕೆಮ್ಮು, ಕಣ್ಣು ಹಳದಿಯಾಗುವುದು, ಪದೇಪದೇ ವಾಂತಿ, ಕಪ್ಪು ಮಲ ಇವುಗಳಲ್ಲಿ ಯಾವುದೇ ಒಂದು ಕಂಡರೂ ಮೂರು ವಾರ ಕಾಯುವಂತಿಲ್ಲ. ನಸುಕಿನಲ್ಲೇ ಎಚ್ಚರವಾಗಿ, ಮನಸ್ಸು ಕುಗ್ಗಿ, ಊಟವೂ ಕೆಲಸವೂ ಬೇಡವೆನಿಸುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಊರು ಬಿಟ್ಟು ಬಂದು ಒಂಟಿಯಾಗಿ ಕೋಣೆಗಳಲ್ಲಿ ವಾಸಿಸುವ ತರುಣರಲ್ಲಿ ಇದನ್ನು ಗಮನಿಸುವವರು ಯಾರೂ ಇರುವುದಿಲ್ಲ. ಅಂಥವರು ನೆರೆಯಲ್ಲಿದ್ದರೆ ಬೆಳಗ್ಗೆ ತಿಂಡಿಯಾಯಿತೇ ಎಂದು ಕೇಳುವುದೂ, ರಜೆಯ ದಿನ ಮನೆಗೆ ಕರೆದು ಒಂದು ತಟ್ಟೆ ಅವಲಕ್ಕಿ ಕೊಡುವುದೂ ಆರೋಗ್ಯಸೇವೆಯೇ.