ದಿನಬಳಕೆಯ ಬದುಕಿನಲ್ಲಿ ಕ್ರೈಸ್ತಧರ್ಮದ ಪಾಠ

ಧರ್ಮಬೋಧೆಗೆ ಸಾಮಾನ್ಯವಾಗಿ ಎರಡು ಮಾರ್ಗಗಳುಂಟು. ತತ್ತ್ವವನ್ನು ಮೊದಲು ನಿರೂಪಿಸಿ, ಅದಕ್ಕೆ ಪ್ರಮಾಣಗಳನ್ನು ಒದಗಿಸಿ, ಕಡೆಗೆ ಒಂದು ದೃಷ್ಟಾಂತವನ್ನು ಕೊಡುವುದು ಒಂದು ಮಾರ್ಗ. ಕಣ್ಣೆದುರಿಗಿರುವ ಯಾವುದೋ ಒಂದು ಸಾಮಾನ್ಯ ವಸ್ತುವನ್ನು ಕೈಗೆತ್ತಿಕೊಂಡು, ಅಲ್ಲಿಂದಲೇ ತತ್ತ್ವದ ಕಡೆಗೆ ಹೆಜ್ಜೆಯಿಡುವುದು ಇನ್ನೊಂದು. ಪಂಡಿತರ ಸಭೆಯಲ್ಲಿ ಮೊದಲನೆಯದಕ್ಕೆ ಮನ್ನಣೆ ಹೆಚ್ಚು. ಹೊಲದಲ್ಲಿಯೂ ಅಡುಗೆಮನೆಯಲ್ಲಿಯೂ ಸಂತೆಯಲ್ಲಿಯೂ ದುಡಿಯುವ ಜನಕ್ಕೆ ಎರಡನೆಯದೇ ಹತ್ತಿರ. ಯೇಸುಕ್ರಿಸ್ತನು ಹೆಚ್ಚಾಗಿ ಹಿಡಿದದ್ದು ಈ ಎರಡನೆಯ ಮಾರ್ಗವನ್ನು. ಕನ್ನಡಿಗರಿಗೆ ಇದು ಅಪರಿಚಿತವಾದುದಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನೂ ಪರಮಾರ್ಥವನ್ನು ನುಡಿದ ನಾಡು ನಮ್ಮದು.

ಇಂತಹ ಬೋಧೆಗೆ ಗ್ರೀಕ್ ಭಾಷೆಯಲ್ಲಿ 'ಪರಬೊಲೆ' ಎಂದು ಹೆಸರು. ಒಂದರ ಮಗ್ಗುಲಲ್ಲಿ ಇನ್ನೊಂದನ್ನು ಇಡುವುದು ಎಂಬುದೇ ಆ ಮಾತಿನ ಮೂಲಾರ್ಥ. ಬಳ್ಳಾರಿಯಲ್ಲಿ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831 ರ ಹೊತ್ತಿಗೆ ಬೈಬಲ್ ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಕನ್ನಡ ಬೈಬಲಿನಲ್ಲಿ ಈ ಪದಕ್ಕೆ ರೂಢವಾಗಿ ನಿಂತಿರುವ ಮಾತು 'ಸಾಮ್ಯ' ಎಂಬುದು. ಇದು ಬಹಳ ಉಚಿತವಾದ ಮಾತು. ಮತ್ತಾಯ, ಮಾರ್ಕ, ಲೂಕ ಎಂಬ ಮೂರು ಸುವಾರ್ತೆಗಳಲ್ಲಿ ಈ ಸಾಮ್ಯಗಳು ಹರಡಿಕೊಂಡಿವೆ. ಎಣಿಸುವ ಕ್ರಮಕ್ಕೆ ತಕ್ಕಂತೆ ಅವುಗಳ ಸಂಖ್ಯೆ 30 ರಿಂದ 40 ರವರೆಗೆ ವ್ಯತ್ಯಾಸವಾಗುತ್ತದೆ. ಇವುಗಳಲ್ಲಿ ದೇವದೂತರ ವೈಭವವಾಗಲಿ ಅದ್ಭುತ ಲೋಕಗಳ ವರ್ಣನೆಯಾಗಲಿ ಬಹಳ ವಿರಳ. ಬೀಜ, ದೀಪ, ಉಪ್ಪು, ಬಲೆ, ಕುರಿ, ಸಾಲ, ಕೂಲಿ, ಮದುವೆಯ ಊಟ, ಅರ್ಧರಾತ್ರಿಯಲ್ಲಿ ರೊಟ್ಟಿ ಬೇಡಿ ಬಾಗಿಲು ತಟ್ಟುವ ನೆರೆಯವನು, ಇವೇ ಅಲ್ಲಿಯ ಸಾಮಗ್ರಿ. ಹೇಳಿದವನು ಮರಗೆಲಸದವರ ಮನೆಯಲ್ಲಿ ಬೆಳೆದವನು. ಕೇಳಿದವರು ಗಲಿಲಾಯದ ಬೆಸ್ತರು, ಒಕ್ಕಲಿಗರು, ಗೃಹಿಣಿಯರು.

ನಿತ್ಯಜೀವನದಿಂದ ಧರ್ಮದ ಪಾಠವನ್ನು ಕಲಿಯುವುದೆಂದರೇನು, ಅದನ್ನು ಹೇಗೆ ಕಲಿಯಬೇಕು, ಹೇಗೆ ಕಲಿಯಬಾರದು ಎಂಬುದನ್ನು ತಿಳಿಯಲು ಈ ಸಾಮ್ಯಗಳಿಗಿಂತ ಉತ್ತಮವಾದ ಆಧಾರವಿಲ್ಲ.

ಮೊದಲನೆಯದಾಗಿ ನಾವು ಗಮನಿಸಬೇಕಾದುದು ಇದು: ಪಾಠವನ್ನು ಹುಡುಕುವ ಮುನ್ನ ವಸ್ತುವನ್ನು ಸರಿಯಾಗಿ ನೋಡಬೇಕು. ಬಿತ್ತುವವನ ಸಾಮ್ಯವನ್ನು ತೆಗೆದುಕೊಳ್ಳೋಣ. ಒಬ್ಬನು ಬೀಜ ಬಿತ್ತುತ್ತಾನೆ. ಕೆಲವು ಕಾಳು ದಾರಿಯ ಮೇಲೂ ಕೆಲವು ಬಂಡೆಯ ನೆಲದಲ್ಲಿಯೂ ಕೆಲವು ಮುಳ್ಳುಗಿಡಗಳ ನಡುವೆಯೂ ಬಿದ್ದು ಹಾಳಾಗುತ್ತವೆ. ಉಳಿದವು ಒಳ್ಳೆಯ ನೆಲದಲ್ಲಿ ಬಿದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಬೆಳೆ ಕೊಡುತ್ತವೆ. ಕೂರಿಗೆ ಹೂಡಿ ಸಾಲಾಗಿ ಬಿತ್ತುವ ನಮ್ಮ ರೈತನಿಗೆ ಈ ಕಥೆ ವಿಚಿತ್ರವಾಗಿ ತೋರಬಹುದು. ಬೀಜವನ್ನು ದಾರಿಗೆ ಚೆಲ್ಲುವಷ್ಟು ಅಜಾಗರೂಕನಾದ ಒಕ್ಕಲಿಗನುಂಟೆ ಎಂದು ಅವನು ಕೇಳಿದರೆ ತಪ್ಪಲ್ಲ. ಆದರೆ ಆ ದೇಶದಲ್ಲಿ ಆಗ ಕೈಯಿಂದ ಬೀಜವನ್ನು ಎರಚುವುದೇ ಪದ್ಧತಿಯಾಗಿತ್ತು. ಮೊದಲು ಎರಚಿ ಆಮೇಲೆ ಉತ್ತು ಮಣ್ಣು ಮುಚ್ಚುವುದೂ ಅಲ್ಲಿ ಇತ್ತೆಂದು ಪ್ಯಾಲೆಸ್ಟೈನಿನ ಬೇಸಾಯವನ್ನು ಕಣ್ಣಾರೆ ಕಂಡು ಬರೆದ ಜರ್ಮನ್ ವಿದ್ವಾಂಸ ಗುಸ್ಟಾಫ್ ಡಾಲ್ಮನ್ನನು ವಿವರಿಸಿದ್ದಾನೆ. ಹಾಗಿರುವಾಗ ಜನರು ತುಳಿದ ಕಾಲುದಾರಿಯ ಮೇಲೆ ನಾಲ್ಕು ಕಾಳು ಬೀಳುವುದು ಸಹಜವೇ. ಬೆಟ್ಟದ ಸೀಮೆಯಲ್ಲಿ ಸುಣ್ಣದ ಕಲ್ಲಿನ ಮೇಲೆ ತೆಳುವಾಗಿ ಮಣ್ಣು ಹರಡಿರುವುದರಿಂದ ಬಂಡೆ ಹೊರಗೆ ಕಾಣುವುದಿಲ್ಲ. ಮೊಳಕೆ ಬೇಗನೆ ಏಳುತ್ತದೆ, ಬೇರಿಗೆ ಆಳವಿಲ್ಲದೆ ಬಿಸಿಲಿಗೆ ಬಾಡುತ್ತದೆ. ಬಿತ್ತುವವನ ಕೈ ಉದಾರವಾದುದು, ನೆಲದ ಸ್ವಭಾವವೇ ಬೇರೆ ಬೇರೆ ಎಂಬುದು ಆಗ ಮನಸ್ಸಿಗೆ ಬರುತ್ತದೆ. ಕೇಳಿದವನು ತಾನೆಂತಹ ನೆಲವೆಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಬೇಸಾಯವನ್ನು ಅರಿಯದವನಿಗೆ ಈ ಪಾಠದ ಅರ್ಧಭಾಗ ಮಾತ್ರ ದಕ್ಕುತ್ತದೆ.

ಹುಳಿಹಿಟ್ಟಿನ ಸಾಮ್ಯವೂ ಹಾಗೆಯೇ. ಒಬ್ಬ ಹೆಂಗಸು ಮೂರು ಅಳತೆಯ ಹಿಟ್ಟಿನಲ್ಲಿ ಸ್ವಲ್ಪ ಹುಳಿಹಿಟ್ಟನ್ನು ಸೇರಿಸಿಡುತ್ತಾಳೆ, ಹಿಟ್ಟೆಲ್ಲ ಹುಳಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟು ಮಲಗುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೆಲಸ ನಡೆಯುವುದು ಕಣ್ಣಿಗೆ ಕಾಣದು, ಕದಡಿದರೆ ಕೆಡುತ್ತದೆ, ಬೆಳಗಾಗುವ ಹೊತ್ತಿಗೆ ಎಲ್ಲವೂ ಬದಲಾಗಿರುತ್ತದೆ. ಆದರೆ ಇಲ್ಲಿ ಇನ್ನೆರಡು ಸಂಗತಿಗಳಿವೆ. ಯಹೂದಿ ಇತಿಹಾಸಕಾರನಾದ ಜೋಸೆಫಸನು ಕೊಟ್ಟ ಲೆಕ್ಕದ ಪ್ರಕಾರ ಆ ಮೂರು ಅಳತೆ ಇಂದಿನ ಮಾನದಲ್ಲಿ ಸುಮಾರು 39 ಲೀಟರಾಗುತ್ತದೆ. ಅದು ಒಂದು ಮನೆಯ ಊಟಕ್ಕಲ್ಲ, ಒಂದು ಕೇರಿಯ ಔತಣಕ್ಕೆ ಸಾಕಾಗುವ ಹಿಟ್ಟು. ಎರಡನೆಯದಾಗಿ, ಯಹೂದಿಗಳು ಪಸ್ಕಹಬ್ಬದ ಏಳು ದಿನವೂ ಹುಳಿಹಿಟ್ಟನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಅವರ ಮಾತಿನಲ್ಲಿ ಅದು ಅನೇಕ ವೇಳೆ ಕೆಡುಕಿನ ಗುರುತಾಗಿತ್ತು. ಅಂತಹ ವಸ್ತುವನ್ನು ದೇವರ ಆಳಿಕೆಗೆ ಹೋಲಿಸಿದುದನ್ನು ಕೇಳಿ ಕೇಳುಗರು ಬೆರಗಾಗಿರಬೇಕು. ಅಡುಗೆಮನೆಯ ಮೂಲೆಯಲ್ಲಿ, ಹೆಣ್ಣಿನ ಕೈಯಲ್ಲಿ, ಜನರು ಅನುಮಾನದಿಂದ ನೋಡುವ ಪದಾರ್ಥದಲ್ಲಿ ಪರಮಾರ್ಥವು ಕೆಲಸಮಾಡುತ್ತಿರಬಹುದು ಎಂಬುದೇ ಅಲ್ಲಿಯ ಸೂಚನೆ.

ಇದರಿಂದ ಎರಡನೆಯ ಅಂಶ ಹೊರಡುತ್ತದೆ. ನಿಜವಾದ ಸಾಮ್ಯವು ನಮಗೆ ಮೊದಲೇ ಗೊತ್ತಿದ್ದ ನೀತಿಯನ್ನು ಅಲಂಕರಿಸಿ ಹೇಳುವುದಿಲ್ಲ. ನಮ್ಮ ಲೆಕ್ಕಾಚಾರವನ್ನು ತಲೆಕೆಳಗು ಮಾಡುತ್ತದೆ. ದ್ರಾಕ್ಷಿಯ ತೋಟದ ಕೂಲಿಗಳ ಕಥೆಯಲ್ಲಿ ಇದು ಸ್ಪಷ್ಟವಾಗಿದೆ. ತೋಟದ ಯಜಮಾನನು ಬೆಳಗಿನ ಜಾವದಲ್ಲಿ ಕೆಲವರನ್ನು ದಿನಕ್ಕೊಂದು ಬೆಳ್ಳಿಯ ನಾಣ್ಯಕ್ಕೆ ಗೊತ್ತುಮಾಡಿಕೊಳ್ಳುತ್ತಾನೆ. ಆ ನಾಣ್ಯವೇ ದಿನಾರಿ. ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಆಮೇಲೆ ಹೊತ್ತೇರಿದ ಮೇಲೂ ಮಧ್ಯಾಹ್ನದಲ್ಲಿಯೂ ಇಳಿಹೊತ್ತಿನಲ್ಲಿಯೂ ಪೇಟೆಯ ಚೌಕದಲ್ಲಿ ಕೆಲಸವಿಲ್ಲದೆ ನಿಂತವರನ್ನು ಕರೆತರುತ್ತಾನೆ. ಹೊತ್ತು ಮುಳುಗಲು ಇನ್ನೊಂದು ಗಂಟೆಯಿದೆ ಎನ್ನುವಾಗ ಕಡೆಯ ತಂಡ ಬರುತ್ತದೆ. ಕೂಲಿಯನ್ನು ಅಂದಂದೇ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ಅದರಂತೆ ಸಂಜೆ ಬಟವಾಡೆ ನಡೆದಾಗ ಕಡೆಗೆ ಬಂದವರಿಗೂ ಪೂರ್ತಿ ದಿನಾರಿ, ಮೊದಲು ಬಂದವರಿಗೂ ಅದೇ ದಿನಾರಿ. ದಿನವೆಲ್ಲ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ.

ಈ ಗೊಣಗಾಟದಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು. ಯಾವ ಕಾರ್ಖಾನೆಯಲ್ಲಿಯೂ ಕಚೇರಿಯಲ್ಲಿಯೂ ಇಂತಹ ಬಟವಾಡೆಯಾದರೆ ನಾವೂ ಗೊಣಗತಕ್ಕವರೇ. ಆದರೆ ಕಡೆಗೆ ಬಂದವನ ಮನೆಯನ್ನು ನೆನೆದುಕೊಳ್ಳೋಣ. ಅವನ ಮಕ್ಕಳಿಗೆ ಹಸಿವು ಗಂಟೆಯ ಲೆಕ್ಕದಲ್ಲಿ ಆಗುವುದಿಲ್ಲ. ದಿನಾರಿಯ ಹನ್ನೆರಡನೆಯ ಒಂದು ಪಾಲನ್ನು ಹಿಡಿದುಕೊಂಡು ಹೋದರೆ ಆ ರಾತ್ರಿ ಒಲೆಯುರಿಯುವುದು ಕಷ್ಟ. ಅವನು ಚೌಕದಲ್ಲಿ ನಿಂತಿದ್ದುದು ಸೋಮಾರಿತನದಿಂದಲ್ಲ, ಯಾರೂ ಕರೆಯದೆ ಇದ್ದುದರಿಂದ. ಯಜಮಾನನು ಮೊದಲಿನವರಿಗೆ ಒಪ್ಪಿದ್ದಕ್ಕಿಂತ ಒಂದು ಕಾಸನ್ನೂ ಕಡಮೆಮಾಡಲಿಲ್ಲ. ಕಡೆಯವರ ಅಗತ್ಯವನ್ನು ನೋಡಿ ಕೊಟ್ಟನು. ದೇವರ ಕೃಪೆಯು ಯೋಗ್ಯತೆಯ ತಕ್ಕಡಿಯಲ್ಲಿ ತೂಗಿ ಕೊಡುವ ಸಂಬಳವಲ್ಲ ಎಂಬ ಕ್ರೈಸ್ತ ತತ್ತ್ವವನ್ನು ದೊಡ್ಡ ಗ್ರಂಥಗಳು ಎಷ್ಟು ವಿವರಿಸಿದರೂ ಈ ಸಂಜೆಯ ಬಟವಾಡೆಯಷ್ಟು ಮನಸ್ಸಿಗೆ ನಾಟಿಸಲಾರವು. ಇದನ್ನು ಕೇಳಿದವನು ಮರುದಿನ ಕೂಲಿಯವರು ಕೆಲಸಕ್ಕಾಗಿ ಕಾದು ನಿಂತ ಸ್ಥಳವನ್ನು ದಾಟುವಾಗ ಬೇರೆ ಕಣ್ಣಿನಿಂದ ನೋಡುತ್ತಾನೆ. ನಿತ್ಯಜೀವನದ ಪಾಠವೆಂದರೆ ಅದೇ.

ಇನ್ನು ಪಾಠವನ್ನು ಹೇಗೆ ಕಲಿಯಬಾರದು ಎಂಬ ವಿಚಾರ. ಇಲ್ಲಿ ಎರಡು ಅಪಾಯಗಳಿವೆ.

ಮೊದಲನೆಯದು ಅತಿಯಾದ ಜಾಣತನ. ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡ ಪ್ರಯಾಣಿಕನನ್ನು ಸಮಾರ್ಯದವನೊಬ್ಬನು ಉಪಚರಿಸಿದ ಕಥೆ ಎಲ್ಲರಿಗೂ ತಿಳಿದುದೇ. ಸಂತ ಅಗಸ್ತೀನನಂತಹ ಮಹಾಮೇಧಾವಿಯು ಅದರಲ್ಲಿ ಗಾಯಗೊಂಡವನನ್ನು ಆದಿಪುರುಷನಾದ ಆದಾಮನೆಂದೂ ಛತ್ರವನ್ನು ಕ್ರೈಸ್ತಸಭೆಯೆಂದೂ ಛತ್ರದವನನ್ನು ಪೌಲನೆಂದೂ ವ್ಯಾಖ್ಯಾನ ಮಾಡಿದನು. ಒಂದೊಂದು ವಿವರಕ್ಕೂ ಒಂದೊಂದು ಗೂಢಾರ್ಥವನ್ನು ಅಂಟಿಸುವ ಈ ಕ್ರಮ ಬಹುಕಾಲ ನಡೆಯಿತು. 1888 ರಲ್ಲಿ ಜರ್ಮನಿಯ ಅಡಾಲ್ಫ್ ಯೂಲಿಖರನು ಸಾಮ್ಯಗಳನ್ನು ಕುರಿತ ತನ್ನ ಗ್ರಂಥದ ಮೂಲಕ ಇದನ್ನು ಬಲವಾಗಿ ಖಂಡಿಸಿ, ಸಾಮ್ಯವೊಂದಕ್ಕೆ ಒಂದೇ ಮುಖ್ಯಾರ್ಥವೆಂದು ವಾದಿಸಿದನು. 1935 ರಲ್ಲಿ ಇಂಗ್ಲೆಂಡಿನ ಸಿ. ಎಚ್. ಡಾಡ್‌ರವರು ಅವುಗಳನ್ನು ಯೇಸುವಿನ ಕಾಲದ ಸನ್ನಿವೇಶದಲ್ಲಿಟ್ಟು ಓದಬೇಕೆಂದು ತೋರಿಸಿದರು. ಅವರ ಮಾತನ್ನೆಲ್ಲ ಮುಂದಿನ ವಿದ್ವಾಂಸರು ಒಪ್ಪದಿದ್ದರೂ, ಗೂಢಾರ್ಥದ ಮೋಹ ಮಾತ್ರ ತಗ್ಗಿತು. ನಮ್ಮ ದಿನಚರಿಗೂ ಇದು ಅನ್ವಯಿಸುತ್ತದೆ. ಹಾಲು ಉಕ್ಕಿದುದಕ್ಕೊಂದು ಅರ್ಥ, ರೈಲು ತಪ್ಪಿದುದಕ್ಕೊಂದು ಸಂದೇಶ ಎಂದು ಹುಡುಕುತ್ತ ಹೋದರೆ ಅದು ಭಕ್ತಿಯಲ್ಲ, ಶಕುನ ನೋಡುವ ಅಭ್ಯಾಸದ ಇನ್ನೊಂದು ರೂಪ. ಛತ್ರವನ್ನು ಛತ್ರವಾಗಿಯೇ ಬಿಟ್ಟರೆ ಗಾಯಗೊಂಡವನು ಕಣ್ಣಿಗೆ ಬೀಳುತ್ತಾನೆ. ಅರ್ಥದ ಬೇಟೆಯಲ್ಲಿ ಅವನು ಮರೆಯಾಗುತ್ತಾನೆ.

ಎರಡನೆಯ ಅಪಾಯ ಇದಕ್ಕಿಂತ ಘೋರವಾದುದು. ಅನ್ಯರ ದುಃಖದಲ್ಲಿ ನಾವು ಪಾಠ ಓದುವುದು. ಯೆರೂಸಲೇಮಿನ ಸಿಲೋವದಲ್ಲಿ ಗೋಪುರವೊಂದು ಕುಸಿದು 18 ಮಂದಿ ಸತ್ತರು. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂಬ ಭಾವನೆ ಜನರಲ್ಲಿತ್ತು. ಯೇಸು ಅದನ್ನು ಖಂಡತುಂಡವಾಗಿ ಅಲ್ಲಗಳೆದು, ಕೇಳಿದವರು ತಂತಮ್ಮ ನಡತೆಯನ್ನು ತಿದ್ದಿಕೊಳ್ಳುವುದೇ ಅವರ ಪಾಲಿನ ಕೆಲಸವೆಂದನು. ಹುಟ್ಟುಗುರುಡನೊಬ್ಬನನ್ನು ಕಂಡು, ಇದು ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಶಿಷ್ಯರು ಚರ್ಚೆಗೆ ತೊಡಗಿದಾಗಲೂ ಆತನು ಎರಡನ್ನೂ ನಿರಾಕರಿಸಿ, ಅವನ ಕಣ್ಣಿಗೆ ಚಿಕಿತ್ಸೆಮಾಡಲು ಹೊರಟನು. ಎಳೆಯ ಮಗುವನ್ನು ಕಳೆದುಕೊಂಡ ಮನೆಗೆ ಹೋಗಿ, ದೇವರು ಇದರಿಂದ ನಿಮಗೇನೋ ಕಲಿಸುತ್ತಿದ್ದಾನೆ ಎಂದು ಉಪದೇಶಿಸುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಮಾತು ಸದುದ್ದೇಶದ್ದೇ ಆಗಿರಬಹುದು. ಆದರೆ ಸುಟ್ಟ ಗಾಯದ ಮೇಲೆ ಉಪ್ಪು ಸುರಿದಂತೆ. ಯೋಬನ ಗ್ರಂಥದಲ್ಲಿ ಅವನ ಮಿತ್ರರು ಮೊದಲ ಏಳು ದಿನ ಮಾತಿಲ್ಲದೆ ಅವನ ಮಗ್ಗುಲಲ್ಲಿ ಕುಳಿತಿದ್ದರು. ಅವರು ಮಾಡಿದ ಉತ್ತಮವಾದ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳಲು ಹೊರಟ ಮೇಲೆ ಅವರು ದೇವರ ಕೋಪಕ್ಕೆ ಗುರಿಯಾದರು. ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು: ಪಾಠವು ನಮಗಾಗಿ, ನೆರವು ನೆರೆಯವನಿಗಾಗಿ. ಸಮಾರ್ಯದವನು ಗಾಯಗೊಂಡವನಿಗೆ ಯಾವ ತತ್ತ್ವವನ್ನೂ ಬೋಧಿಸಲಿಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟು ಕಟ್ಟಿದನು. ಛತ್ರದವನಿಗೆ ಎರಡು ದಿನಾರಿಗಳನ್ನು ಕೊಟ್ಟನು.

ಹಾಗಾದರೆ ಈ ದೃಷ್ಟಿಯನ್ನು ಅಭ್ಯಾಸಮಾಡುವ ಬಗೆ ಹೇಗೆ? ಕ್ರೈಸ್ತ ಸಂಪ್ರದಾಯದಲ್ಲಿ ಇದಕ್ಕೆ ಬಲ್ಲವರು ಹಾಕಿಕೊಟ್ಟ ದಾರಿಗಳುಂಟು. ಅವುಗಳಲ್ಲಿ ಒಂದು, 17ನೆಯ ಶತಮಾನದ ಫ್ರಾನ್ಸಿನ ಬ್ರದರ್ ಲಾರೆನ್ಸನದು. ಲೊರೇನ್ ಪ್ರಾಂತದ ಬಡವರ ಮನೆಯಲ್ಲಿ ಹುಟ್ಟಿದ ನಿಕೋಲಾ ಎರ್ಮಾನನು ಸೈನಿಕನಾಗಿ ಯುದ್ಧಕ್ಕೆ ಹೋಗಿ ಗಾಯಗೊಂಡನು. ಬಳಿಕ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಸೋದರನಾಗಿ ಸೇರಿ ಲಾರೆನ್ಸನೆಂಬ ಹೆಸರನ್ನು ತಳೆದನು. ಹದಿನೆಂಟರ ವಯಸ್ಸಿನಲ್ಲಿ ಚಳಿಗಾಲದ ಬರಲು ಮರವೊಂದನ್ನು ಕಂಡು, ಸ್ವಲ್ಪ ಕಾಲದಲ್ಲಿಯೇ ಇದು ಚಿಗುರಿ ಹೂಬಿಟ್ಟು ಫಲಿಸುವುದಲ್ಲವೆ ಎಂದು ಯೋಚಿಸಿದಾಗ ಅವನಲ್ಲಿ ದೇವರ ಮೇಲಣ ಪ್ರೀತಿ ಹುಟ್ಟಿತಂತೆ. ಮಠದಲ್ಲಿ ಅವನಿಗೆ ಬಿದ್ದ ಕೆಲಸ ಅಡುಗೆಮನೆಯದು. ಸ್ವಭಾವತಃ ಅವನಿಗೆ ಅದು ಹಿಡಿಸುತ್ತಿರಲಿಲ್ಲ. ಆದರೂ ಅನೇಕ ವರ್ಷ ಅದನ್ನೇ ಮಾಡಿದನು. ಕಾಲುನೋವು ಹೆಚ್ಚಿದ ಮೇಲೆ ಪಾದರಕ್ಷೆಗಳನ್ನು ಹೊಲಿಯುವ ಕೆಲಸಕ್ಕೆ ಬಂದನು. 1691 ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಮಾತುಗಳನ್ನೂ ಪತ್ರಗಳನ್ನೂ ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು ಸಂಗ್ರಹಿಸಿ ಪ್ರಕಟಿಸಿದನು. ಪ್ರಾರ್ಥನೆಯ ಹೊತ್ತೆಂದೂ ಕೆಲಸದ ಹೊತ್ತೆಂದೂ ಅವನಿಗೆ ಭೇದವಿರಲಿಲ್ಲ. ಗಮನಿಸಬೇಕಾದ ಸಂಗತಿಯೇನೆಂದರೆ, ಅವನು ಪಾತ್ರೆ ಪಾತ್ರೆಗೂ ಒಂದು ನೀತಿಯನ್ನು ಹೊಸೆಯುತ್ತ ಕೂಡಲಿಲ್ಲ. ಮಾಡುವ ಚಿಕ್ಕ ಕೆಲಸವನ್ನು ದೇವರ ಪ್ರೀತಿಗಾಗಿ ಅಚ್ಚುಕಟ್ಟಾಗಿ ಮಾಡಿದನು, ಅಷ್ಟೆ.

ಇನ್ನೊಂದು ದಾರಿ ಇಗ್ನೇಷಿಯಸ್ ಲೊಯೊಲನದು. 1548 ರಲ್ಲಿ ಅಚ್ಚಾದ ಅವನ ಸಾಧನಗ್ರಂಥದಲ್ಲಿ ದಿನವನ್ನು ಹಿಂದಿರುಗಿ ನೋಡುವ ಐದು ಮೆಟ್ಟಿಲುಗಳಿವೆ: ಪಡೆದ ಒಳಿತಿಗೆ ವಂದನೆ, ಕಾಣುವ ಬೆಳಕಿಗಾಗಿ ಬೇಡಿಕೆ, ಗಂಟೆ ಗಂಟೆಯಾಗಿ ದಿನದ ಪರಿಶೀಲನೆ, ತಪ್ಪಿದುದಕ್ಕೆ ಕ್ಷಮಾಯಾಚನೆ, ಮುಂದಿನದಕ್ಕೆ ಸಂಕಲ್ಪ. ಅಂಗಡಿಯವನು ಬಾಗಿಲು ಹಾಕುವ ಮುನ್ನ ಅಂದಿನ ಲೆಕ್ಕ ಬರೆದಿಡುವಂತೆ ಇದು. ಒಂದು ಭೇದವುಂಟು: ಈ ಪುಸ್ತಕದಲ್ಲಿ ಮೊದಲು ಬರೆಯುವುದು ಜಮೆಯನ್ನು. ಬೆಳಗಿನಿಂದ ಬಂದ ಉಪಕಾರಗಳನ್ನು, ಯಾರೋ ದಾರಿ ಬಿಟ್ಟುಕೊಟ್ಟುದನ್ನು, ಯಾರೋ ತಾಳ್ಮೆಯಿಂದ ಕೇಳಿದುದನ್ನು ನೆನೆದ ಮೇಲೆ ನಮ್ಮ ಬಾಕಿಯನ್ನು ನೋಡುವ ಧೈರ್ಯ ತಾನಾಗಿ ಬರುತ್ತದೆ. ಇದಕ್ಕೆ ಕಾಲು ಗಂಟೆ ಸಾಕು, ವಿದ್ವತ್ತೇನೂ ಬೇಕಿಲ್ಲ.

ಹೀಗೆ ಕಲಿತ ಪಾಠವು ಸರಿಯಾದುದೋ ಅಲ್ಲವೋ ಎಂದು ಪರೀಕ್ಷಿಸುವುದಕ್ಕೆ ಒರೆಗಲ್ಲೊಂದಿದೆ. ಆ ಪಾಠದಿಂದ ನಮಗೆ ನೆರೆಯವರ ಮೇಲೆ ತೀರ್ಪು ಕೊಡುವ ಅಧಿಕಾರ ಬಂದಂತೆ ತೋರಿದರೆ, ಅದನ್ನು ಬಿಟ್ಟುಬಿಡುವುದು ಲೇಸು. ನಮ್ಮ ಕೈಯನ್ನು ಕೊಂಚ ಮೃದುಮಾಡಿದರೆ, ಕೂಲಿಯವನ ಸಂಜೆಯ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಿಸಿದರೆ, ದುಃಖದ ಮನೆಯಲ್ಲಿ ನಾಲಗೆಯನ್ನು ಬಿಗಿಹಿಡಿಸಿ ಕೆಲಸಕ್ಕೆ ಒದಗಿಸಿದರೆ, ಅದು ಒಳ್ಳೆಯ ನೆಲದಲ್ಲಿ ಬಿದ್ದ ಕಾಳು. ಕ್ರೈಸ್ತರಾದವರು ಇದರಲ್ಲಿ ತಮ್ಮ ಸ್ವಾಮಿಯ ಧ್ವನಿಯನ್ನು ಕೇಳುತ್ತಾರೆ. ಬೇರೆ ಮತದವರಿಗೂ ಈ ಸಾಮ್ಯಗಳನ್ನು ಓದುವುದರಿಂದ ನಷ್ಟವೇನೂ ಇಲ್ಲ. ಹಿಟ್ಟು, ದೀಪ, ಬೀಜ, ಕೂಲಿ ಇವು ಯಾವುದೊಂದು ಮತಕ್ಕೆ ಸೇರಿದ ಸೊತ್ತಲ್ಲವಷ್ಟೆ.